ಏಳನೆಯ ಕುಳಿ

ಬೇಲಿಗಂಬದ ಮೇಲಿನ ಹಳದಿ ಎದೆಯ ಹಕ್ಕಿ ಮತ್ತೆ ಕೂಗಿತು, ಕಿವಿಮುಚ್ಚಳದೊಳಗೆ ಅದರ ದನಿ ಬಾವಿಗೆ ಬಿದ್ದ ಚೊಂಬಿನ ಹಾಗೆ ದೂರ, ಅಭ್ಯಾಸಕ್ಕೆ ನಿಂತ ಇನ್ನೊಬ್ಬರು ಮುಗಿಸಿದರೆ ತನ್ನ ಸರದಿ, ಸಿಗ್ನಿಗೆ ಅವಸರವಿಲ್ಲ, ಅವಸರವೆಲ್ಲ ಮೈದುನ ಲೈಲ್‌ನದು, ಆಗಲೇ ಗುಂಡು ಹೊಡೆದು ಮುಗಿಸಿ ಕಾಫಿ ಹಿಡಿದು ಬೆಂಚಿನ ಮೇಲೆ ಕೂತಿದ್ದಾನೆ, ಗುರಿಯ ಆರು ಕಬ್ಬಿಣದ ತಟ್ಟೆಗಳಲ್ಲಿ ಐದು ಉರುಳಿಸಿದ, ಆರನೆಯದು ಹಠಮಾರಿ ಕರುವಿನ ಹಾಗೆ ನಿಂತೇ ಇತ್ತು — ರಾಜ್ಯದ ಪಂದ್ಯಕ್ಕೆ ಹೋಗುವ ತಂಡದಲ್ಲಿ ನಾಲ್ಕು ಜಾಗ, ಮೂರು ತುಂಬಿವೆ, ನಾಲ್ಕನೆಯದು ಹತ್ತೊಂಬತ್ತು ವರ್ಷ ಅವಳ ಗಂಡ ಆರ್ವಿಲ್‌ನದು, ಈಗ ಅದಕ್ಕೆ ಇಬ್ಬರು, ಸತ್ತವನ ತಮ್ಮ ಮತ್ತು ಸತ್ತವನ ಹೆಂಡತಿ, ಆರಕ್ಕೆ ಆರು ಬಿದ್ದರೆ ಜಾಗ ಅವಳದು. ಬೀಳುತ್ತವೆ. ಸ್ಕೂಲ್ ಬಸ್ಸನ್ನು ಇಪ್ಪತ್ತಾರು ಚಳಿಗಾಲ ಹಿಮದ ಮೇಲೆ ಓಡಿಸಿದ ಕೈ ಇದು, ತಟ್ಟೆಗೆ ಹೆದರೀತೇ, ಬೆಳಿಗ್ಗೆ ಲೈಲ್ ಎಲ್ಲರೆದುರೇ ಕೇಳಿದ, ಏನ್ ಸಿಗ್ನಿ, ರೈಫಲ್ ಪ್ರೈಮರ್ ಹಾಕಿ ಪಿಸ್ತೂಲಿನ ಗುಂಡು ಮಾಡಿದ್ದೀಯಂತೆ, ಸಕ್ಕರೆ ಇಲ್ಲ ಅಂತ ಪಾಯಸಕ್ಕೆ ಉಪ್ಪು ಹಾಕ್ದಂಗೆ, ಅವಳು ನಕ್ಕು ತಟ್ಟೆ ಬೀಳೋದು ನೋಡಪ್ಪಾ, ರುಚಿ ಆಮೇಲೆ ಹೇಳುವಿಯಂತೆ ಅಂದಳು — ಮೊಂಟಾನಾದ ಈ ಮೂಲೆಯಲ್ಲಿ ಐದು ತಿಂಗಳಿಂದ ಯಾವ ಅಂಗಡಿಯಲ್ಲೂ ಪಿಸ್ತೂಲಿನ ಪ್ರೈಮರ್ ಇಲ್ಲ, ಮಸೂರಬೇಳೆಯಷ್ಟು ಪುಟ್ಟ ಬಟ್ಟಲು, ತೋಟಾದ ತಳದಲ್ಲಿ ಕೂರುತ್ತದೆ, ಬಂದೂಕಿನ ಸುತ್ತಿಗೆ ಬಡಿದರೆ ಕಿಡಿ, ಕಿಡಿಯಿಂದ ಮದ್ದಿಗೆ ಬೆಂಕಿ, ಅದಿಲ್ಲದೆ ಉಳಿದದ್ದೆಲ್ಲ ಬರಿಯ ಹಿತ್ತಾಳೆ ಮತ್ತು ಸೀಸ, ಅಜ್ಜಿ ಹೇಳುತ್ತಿದ್ದ ಕಥೆಯ ದೈತ್ಯನ ಜೀವ ಅವನ ಎದೆಯಲ್ಲಿರಲಿಲ್ಲ, ಎಲ್ಲೋ ಒಂದು ಮೊಟ್ಟೆಯೊಳಗಿತ್ತು, ಹಾಗೆಯೇ, ನೆಲಮಾಳಿಗೆಯ ಹಲಗೆಯ ಮೇಲೆ ಉಳಿದದ್ದು ರೈಫಲ್ಲಿನವು ಮಾತ್ರ, ಅಳತೆ ಒಂದೇ, ಮುಖ ಮಾತ್ರ ಗಡಸು. ಆರ್ವಿಲ್‌ನ ಪುಸ್ತಕದಲ್ಲಿ ಪೆನ್ಸಿಲ್ಲಿನ ಸಾಲು, ಹಾಕಬಹುದು, ಕಿಡಿ ಬಿಸಿ, ಮದ್ದಿನ ಅಳತೆ ಇಳಿಸಿ ಶುರುಮಾಡು, ಅವಸರ ಬೇಡ. ಇಳಿಸಿದಳು, ಅವಸರ ಪಡಲಿಲ್ಲ, ನಿನ್ನೆ ಹನ್ನೆರಡು ಹೊಡೆದು ನೋಡಿದಳು, ಹನ್ನೆರಡೂ ಹಾರಿದವು, ಅದೂ ಆರ್ವಿಲ್‌ನ ರಿವಾಲ್ವರಿನಿಂದ, ಮನೆಯ ರೂಢಿ ಅದು, ಹೊಸ ಬಾರು ಮೊದಲು ಅವನ ಬಂದೂಕಿಗೆ, ಆಮೇಲೆ ಅವಳದಕ್ಕೆ, ಅಡುಗೆಯ ಉಪ್ಪನ್ನು ಅವನೇ ಮೊದಲು ನೋಡುತ್ತಿದ್ದ ಹಾಗೆ, ಇಪ್ಪತ್ತೈದನೆಯ ಮದುವೆ ದಿನಕ್ಕೆ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಜೋಡಿ, ಎರಡಕ್ಕೂ ಏನು ವ್ಯತ್ಯಾಸ. ಖಾಲಿ ತೋಟಾಗಳ ತಳ ನೋಡಿದರೆ ಪ್ರೈಮರಿನ ನಡುವೆ ಆಳವಾದ ದುಂಡು ಕುಳಿ, ಕ್ರಿಸ್‌ಮಸ್ಸಿಗೆ ಬಿಸ್ಕತ್ತಿನ ಹಿಟ್ಟಿನ ಮೇಲೆ ಜಾಮ್ ಇಡಲು ಅವನು ಹೆಬ್ಬೆಟ್ಟು ಒತ್ತುತ್ತಿದ್ದ ಕುಳಿಯಂತೆಯೇ, ಅವಳು ಒತ್ತಿದವು ಆಳವಾಗುತ್ತಿರಲಿಲ್ಲ, ಜಾಮ್ ಉಕ್ಕಿ ತಟ್ಟೆಗೆಲ್ಲ ಹರಿಯುತ್ತಿತ್ತು, ನೀನು ಒತ್ತಲ್ಲ ಹುಡುಗಿ, ಆಶೀರ್ವಾದ ಮಾಡ್ತೀಯ, ಅಂತಿದ್ದ. ರಾತ್ರಿ ಬೆರಳು ನೋಯಿತು. ಬಸ್ಸಿನ ಸ್ಟೀರಿಂಗ್ ಹಿಡಿದು ಹಿಡಿದು ನೋಯುತ್ತದೆ, ಅದಕ್ಕೇನು.

ಕಿಟಲ್‌ಸನ್ ಅವಳ ಹೆಸರು ಕೂಗಿದ, ಇಪ್ಪತ್ತು ವರ್ಷದಿಂದ ಇಲ್ಲಿ ಗುಂಡು ಹೊಡೆಯುವ ಗೆರೆ ಕಾಯುವವನು, ಗೆರೆಯ ಮೇಲೆ ಗೆಳೆತನ ಮರೆಯುವವನು, ಬಾರು ಮಾಡಿಕೊ, ಸಿದ್ಧವಾ, ಸಿದ್ಧ, ಬಜರ್ ಕಿರಿಚಿತು, ತೋಳು ತಾನೇ ಎದ್ದಿತು, ಮೊದಲ ತಟ್ಟೆ ಬೆಳ್ಳಗೆ ಹುಣ್ಣಿಮೆಯ ಹಾಗೆ, ಬಂದೂಕಿನ ಕುದುರೆ ಬೆರಳಿನಡಿ ಬೆಣ್ಣೆಯಂತೆ ಜಾರಿತು, ಬಂದೂಕು ಕುದುರೆಯ ಹಾಗೇ ಹುಡುಗಿ, ಯಜಮಾನಿಯ ಕೈ ಕಲೀತದೆ, ಆರ್ವಿಲ್ ಹೇಳಿದ್ದ, ಕಲಿತಿದೆ — ಟಕ್. ಸದ್ದಿಲ್ಲ. ಬರಿಯ ಟಕ್. ಹಾಗೇ ಹಿಡಿ, ಬಂದೂಕಿನ ಬಾಯಿ ದಿಬ್ಬದ ಕಡೆಗೇ ಇರಲಿ, ಅಂದು ಕಿಟಲ್‌ಸನ್ ಎಣಿಸತೊಡಗಿದ, ಮನೆಯಲ್ಲಿ ಮಾಡಿದ ಗುಂಡು ಹಾರದಿದ್ದರೆ ಮೂವತ್ತು ಎಣಿಸಬೇಕು, ಒಳಗೆ ಕಿಡಿ ಮಲಗಿದ್ದರೆ ತಡವಾಗಿ ಏಳಬಹುದು, ಐದು, ಆರು, ಮದ್ದು ಹಾಕಲು ಮರೆತಳೇ, ಇಲ್ಲ, ಪ್ರತಿಯೊಂದಕ್ಕೂ ದೀಪ ಹಿಡಿದು ನೋಡಿದ್ದಾಳೆ, ಪ್ರೈಮರ್ ಮೇಲಕ್ಕೆ ಉಳಿಯಿತೇ, ಇಲ್ಲ, ಒಂದೊಂದನ್ನೂ ಬೆರಳಾಡಿಸಿ ನೋಡಿದ್ದಾಳೆ, ಹದಿನಾಲ್ಕು, ತಪ್ಪು ತನ್ನದಲ್ಲ, ಗುಂಡಿನದೂ ಅಲ್ಲ, ಅದು ಅವಳಿಗೆ ಗೊತ್ತು, ಹಿಂದೆ ಲೈಲ್ ಉಪ್ಪು ಉಪ್ಪು ಅನ್ನುತ್ತಿದ್ದಾನೆ, ಯಾರೋ ನಕ್ಕರು, ಇಪ್ಪತ್ತೆರಡು, ಗುಂಡು ಕೆಟ್ಟರೆ ಸರದಿ ಹೋಯಿತು, ಬಂದೂಕು ಕೆಟ್ಟರೆ ಬೇರೆ ಬಂದೂಕಿನಲ್ಲಿ ಇನ್ನೊಂದು ಸಲ, ಅದು ನಿಯಮ, ಮೂವತ್ತು. ತೆಗೆ ನೋಡೋಣ. ಹಾರದ ತೋಟಾವನ್ನು ಕಿಟಲ್‌ಸನ್ ಬಿಸಿಲಿಗೆ ಹಿಡಿದ, ತಳದ ಬೆಳ್ಳಿಮುಖದ ನಡುವೆ ಕುಳಿ, ಇದೆಯೋ ಇಲ್ಲವೋ ಅನ್ನುವಷ್ಟು, ಹಿಟ್ಟಿನ ಮೇಲೆ ಮಗು ಬೆರಳಿಟ್ಟು ತೆಗೆದ ಹಾಗೆ, ಗುಂಡಿನ ತಪ್ಪಲ್ಲ ಇದು ಅಂದ, ಸುತ್ತಿಗೆಗೆ ಬಲವಿಲ್ಲ, ಮೆತ್ತನೆಯ ಪಿಸ್ತೂಲಿನ ಪ್ರೈಮರಿಗೆ ಸಾಕು, ಈ ಗಡಸು ಮುಖ ಒಡೆದಿಲ್ಲ, ಕುದುರೆ ಹಗುರಾಗಲಿ ಅಂತ ಇದರ ಸ್ಪ್ರಿಂಗ್ ಯಾರೋ ತೆಳ್ಳಗೆ ಮಾಡಿದ್ದಾರೆ, ನೀನಾ ಸಿಗ್ನಿ? ಯಾರೂ ಇಲ್ಲ, ಅಂಗಡಿಯಿಂದ ತಂದ ಹಾಗೇ ಇದೆ, ಅವಳ ದನಿ ಗಟ್ಟಿ, ಹಾಗಿದ್ದರೆ ಲೆಕ್ಕಕ್ಕೆ ತಪ್ಪು ಗುಂಡಿನದೇ, ಸರದಿ ಹೋಗುತ್ತದೆ, ಅಂದ ಕಿಟಲ್‌ಸನ್. ಆಗ ಬೆಂಚಿನಿಂದ ಲೈಲ್ ಎದ್ದ, ಕಾಫಿ ಕೆಳಗಿಟ್ಟ, ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದ, ಅದು ಅವನಿಗೂ ಗೊತ್ತು, ಆದರೂ ಆರ್ವಿಲ್‌ನ ತಮ್ಮ, ಟೋಪಿ ತೆಗೆದು ತಲೆ ಕೆರೆದು, ಸ್ಪ್ರಿಂಗು ಅಣ್ಣ ಉಜ್ಜಿದ್ದು ಸಿಗ್ನಿ, ನನ್ ಶೆಡ್ಡಲ್ಲೇ, ಒಂಬತ್ತು ವರ್ಷ ಆಯ್ತು, ಅವಳ ಬೆರಳಿಗೆ ಶಕ್ತಿ ಸಾಲ್ತಿಲ್ಲ, ಹೇಳಿದ್ರೆ ಬಂದೂಕೇ ಬಿಟ್ಬಿಡ್ತಾಳೆ, ನೀನು ಬಾಯಿ ಬಿಟ್ಟೀಯ ಜೋಕೆ ಅಂದಿದ್ದ.

ಒಂಬತ್ತು ವರ್ಷ, ಬಂದೂಕು ಕೈ ಕಲಿತಿದೆ ಅಂದುಕೊಂಡು ಒಂಬತ್ತು ವರ್ಷ, ಕ್ಲಬ್ಬಿನ ಹೆಂಗಸರಿಗೆಲ್ಲ ಬೆರಳು ಎತ್ತಿ ತೋರಿಸಿದ್ದು, ನೋಡ್ರೇ, ಅಭ್ಯಾಸ ಅಂದ್ರೆ ಇದು, ಪಕ್ಕದಲ್ಲಿ ನಿಂತು ಹೌದೌದು ಅನ್ನುತ್ತಿದ್ದ ಅವನು, ಮೀಸೆಯೊಳಗೆ ನಗು, ಮೋಸಗಾರ, ನನ್ನ ಮುದ್ದು ಮೋಸಗಾರ — ಬೇರೆ ಬಂದೂಕಿದೆಯಾ, ಕಿಟಲ್‌ಸನ್ ಕೇಳುತ್ತಿದ್ದಾನೆ, ಇದೆ, ಆರ್ವಿಲ್‌ನದು, ಕಾರಿನಲ್ಲಿದೆ, ಹಾರದ ತೋಟಾ ಅಂಗಿಯ ಜೇಬಿಗೆ ಹೋಗುತ್ತದೆ, ಎದೆಯ ಮೇಲೆ ತಣ್ಣಗೆ, ಅವನ ಬಂದೂಕಿನ ಹಿಡಿ ಅಗಲ, ಅವನ ಅಂಗೈ ಸವೆಸಿದ ಕಡೆ ನುಣುಪು, ಕುದುರೆ ಭಾರ, ಹೌದು, ಈಗ ಗೊತ್ತಾಗುತ್ತದೆ, ಇಷ್ಟು ಭಾರ, ನಿನ್ನೆ ಹನ್ನೆರಡು ಸಲ ಎಳೆದಾಗ ಗೊತ್ತಾಗಲಿಲ್ಲವೇ, ಗೊತ್ತಾಯಿತು, ಒಪ್ಪಿಕೊಳ್ಳಲಿಲ್ಲ, ಆದರೆ ಹನ್ನೆರಡೂ ಎಳೆದೆನಲ್ಲ ಆರ್ವಿಲ್, ಶಕ್ತಿ ಸಾಲದ ಬೆರಳು ಹನ್ನೆರಡು ಎಳೆಯಿತಲ್ಲ, ಆರು ಯಾವ ಲೆಕ್ಕ, ಸಿದ್ಧ, ಬಜರ್, ಒತ್ತು ಹುಡುಗಿ, ಆಶೀರ್ವಾದ ಬೇಡ, ಒತ್ತು, ಮೊದಲನೆಯದು ಮಲಗಿತು, ಎರಡು, ಬೆರಳ ಗಂಟಿನಿಂದ ಮೊಣಕೈವರೆಗೆ ಬೆಂಕಿ, ಮೂರು, ಬಿಸಿ ಮದ್ದಿನ ವಾಸನೆ, ನಾಲ್ಕು, ನೆಲಮಾಳಿಗೆಯಲ್ಲಿ ಅವನ ಕೆಮ್ಮು, ಐದು, ಬೆರಳು ಇನ್ನು ಆಗುವುದಿಲ್ಲ ಅನ್ನುತ್ತದೆ, ಅನ್ನಲಿ, ಎಳೆ, ಎಳೆ — ಆರನೆಯ ತಟ್ಟೆ ಯಾರೋ ತಳ್ಳಿದ ಹಾಗೆ ಹಿಂದಕ್ಕೆ ಬಿತ್ತು. ಗದ್ದಲ. ಲೈಲ್ ಹೆಗಲು ತಟ್ಟಿ ಏನೋ ಅಂದ, ಪಾಯಸ, ರುಚಿ, ಏನೋ, ಹಕ್ಕಿ ಇನ್ನೂ ಕೂಗುತ್ತಿದೆಯೇ, ಗುಂಡಿನ ಮನೆ ತೆರೆದು ಖಾಲಿ ತೋಟಾಗಳನ್ನು ಅಂಗೈಗೆ ಸುರಿದುಕೊಂಡಳು, ತಳ ಮೇಲಾಗಿ ತಿರುಗಿಸಿದಳು, ಆರು ಕುಳಿ, ಆಳ, ದುಂಡು, ಅವನ ಹೆಬ್ಬೆಟ್ಟು, ಜೇಬಿನಿಂದ ಏಳನೆಯದನ್ನು ತೆಗೆದು ಪಕ್ಕದಲ್ಲಿಟ್ಟಳು, ಆ ಕುಳಿ, ಇದೆಯೋ ಇಲ್ಲವೋ ಅನ್ನುವಷ್ಟು, ಅವಳ ಕುಳಿ, ಅವನು ಒಂಬತ್ತು ವರ್ಷ ಬಚ್ಚಿಟ್ಟ ಕುಳಿ, ಆರು ಆಳ, ಒಂದು ತೆಳು, ಆ ತೆಳು ಕುಳಿಯೊಳಗೆ ಬಿಸಿಲು ಒಂದು ಹನಿಯಷ್ಟು ನಿಂತಿದೆ.