ಆರು ಮರಿಗಳು

ಸೂಜಿಯ ಮೊನೆಯಿಂದ ಒಂದೊಂದೇ ಹುರುಪೆ ಮುಟ್ಟುತ್ತ ಅವಳು ಐದನೇ ಸಲ ಎಣಿಸಿದಳು. ಲೆಕ್ಕ ಈ ಸಲವೂ ತಪ್ಪಲಿಲ್ಲ. ತಪ್ಪಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಸೂಕ್ಷ್ಮದರ್ಶಕದ ಕೆಳಗೆ, ಬಿಳಿ ತಟ್ಟೆಯಲ್ಲಿ, ಬೆರಳುದ್ದದ ಆರು ಹಾವಿನ ಮರಿಗಳು. ರಸ್ತೆ ಅಗೆಯುವವರ ಗುದ್ದಲಿಗೆ ಸಿಕ್ಕಿ ಸತ್ತ ತಾಯಿಯ ಹೊಟ್ಟೆಯಿಂದ ಬೆಳಿಗ್ಗೆ ಅವಳೇ ತೆಗೆದದ್ದು. ಮಣ್ಣು ಕೊರೆದುಕೊಂಡು ಮಣ್ಣಿನೊಳಗೇ ಬಾಳುವ ಬಡಪಾಯಿ ಹಾವು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ತಾಯಿ ಯಾವ ಜಾತಿ ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಬಾಲದ ಕೆಳಗೆ ಆರೇ ಜೊತೆ ಹುರುಪೆ, ಅಂದರೆ ಅವಳ ಮೇಷ್ಟ್ರು ಹೊಸ ಜಾತಿಯೆಂದು ಗುರುತಿಸಿದ ಹಾವು. ಮರಿಗಳಲ್ಲಿ ಮೂರಕ್ಕೆ ಆರು ಜೊತೆ. ಉಳಿದ ಮೂರಕ್ಕೆ ಹತ್ತು. ಹತ್ತು ಜೊತೆಯದು ಬೇರೆ ಜಾತಿ, ನೂರು ವರ್ಷದ ಹಿಂದೆಯೇ ಹೆಸರು ಪಡೆದದ್ದು ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು. ಒಂದೇ ತಾಯಿ ಎರಡು ಜಾತಿಯ ಮರಿ ಹೆರುವುದುಂಟೆ? ಕುಯ್ದು ನೋಡಿದ್ದೂ ಆಗಿತ್ತು. ಹತ್ತು ಇದ್ದವು ಗಂಡು, ಆರು ಇದ್ದವು ಹೆಣ್ಣು. ಅಷ್ಟೇ ವಿಷಯ.

ಅಷ್ಟೇ ವಿಷಯಕ್ಕೆ ಅವಳು ಐದು ಸಲ ಎಣಿಸಿದ್ದಳು. ಎರಡೂ ಒಂದೇ ಎಂದಾದರೆ ಹಳೆಯ ಹೆಸರೇ ಉಳಿಯಬೇಕು, ಹೊಸದು ಹೋಗಬೇಕು; ಈ ವಿದ್ಯೆಯ ಕಟ್ಟಳೆ ಅದು. ಸಂಗ್ರಹಾಲಯದ ಈ ಕೋಣೆಯಲ್ಲಿ ಮೂವತ್ತು ವರ್ಷ ಸವೆಸಿದ ಮೇಷ್ಟ್ರು ಹೆಸರಿಟ್ಟದ್ದು ಇದೊಂದೇ ಹಾವಿಗೆ. ಇಟ್ಟದ್ದು ಹೆಂಡತಿಯ ಹೆಸರು.

"ಮೇಷ್ಟ್ರೇ, ಸ್ವಲ್ಪ ನೋಡ್ತೀರಾ?"

"ಯಾಕಮ್ಮಾ, ಮುಖ ಹೀಗೆ ಬಾಡಿಸ್ಕೊಂಡಿದೀಯ?" ಎನ್ನುತ್ತ ಅವರು ಬಂದು ಕೂತರು. ನೋಡಿದರು. ಎಣಿಸುವಾಗ ತುಟಿ ಅಲ್ಲಾಡಿಸುವ ಅಭ್ಯಾಸ ಅವರದು. ಆರನೇ ಮರಿಗೆ ಬರುವಷ್ಟರಲ್ಲಿ ತುಟಿ ನಿಂತುಹೋಗಿತ್ತು.

"ಅವತ್ತು ನನಗೆ ಸಿಕ್ಕಿದ್ದೇ ಎರಡು ಹಾವು," ಎಂದರು ಕೊನೆಗೆ. "ಎರಡೂ ಹೆಣ್ಣೇ ಇರಬೇಕು. ಅವತ್ತೇ ಹೊಟ್ಟೆ ಕುಯ್ದು ನೋಡಿದ್ರೆ ಗೊತ್ತಾಗ್ತಿತ್ತು. ಅಷ್ಟು ಹೊತ್ತಿಗೆ ಅವಳ ಹೆಸರೇ ಇಡೋದು ಅಂತ ಮನಸ್ಸಿಗೆ ಬಂದುಬಿಟ್ಟಿತ್ತು. ಚಾಕು ಹಾಕೋಕೆ ಕೈಯೇ ಬರ್ಲಿಲ್ಲ ನೋಡು."

"ನಾನಿದನ್ನ ಬರೆಯಲ್ಲ ಮೇಷ್ಟ್ರೇ. ನೀವು ರಿಟೈರ್ ಆಗೋ ತನಕ..."

"ಸುಮ್ನಿರು, ಹುಚ್ಚು ಹುಡುಗಿ. ಎಣಿಸೋಕೆ ಕಲಿಸಿದ್ದು ನಾನು. ಎಣಿಸಿದ್ದನ್ನ ಮುಚ್ಚಿಡೋದನ್ನೂ ನಾನೇ ಕಲಿಸ್ಲಾ? ಇವತ್ತೇ ಬರೆಯೋಕೆ ಶುರು ಮಾಡು." ಗದರುತ್ತಲೇ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅವಳಿಗೆ ಹೆಂಗೆ ಹೇಳೋದು ಅನ್ನೋದೇ ಯೋಚನೆ."

ಶಿಷ್ಯೆಗೆ ಮೇಷ್ಟ್ರ ಮೇಲೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಸಂಜೆ ಮೇಷ್ಟ್ರ ಹೆಂಡತಿ ಬಂದರು. ಇಬ್ಬರೂ ಹಲ್ಲಿನ ಡಾಕ್ಟರ ಬಳಿ ಹೋಗಬೇಕಿತ್ತು. ಎಂದಿನಂತೆ ಬಾಗಿಲಾಚೆಯೇ ನಿಂತರು. ಹಾವೆಂದರೆ ಆಕೆಗೆ ಎಷ್ಟು ಭಯವೆಂದರೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಸಿಲು ದಾಟಿದವರಲ್ಲ. ಮೇಷ್ಟ್ರು ತಡವರಿಸುತ್ತ ಅಲ್ಲಿಗೇ ಹೋಗಿ ಎಲ್ಲ ಹೇಳಿದರು.

"ಅಯ್ಯೋ ರಾಮ, ಇಷ್ಟೇನಾ? ನಿಮ್ಮ ಮುಖ ನೋಡಿ ಎದೆ ಧಸಕ್ ಅಂತು." ಆಕೆ ಅವರ ಅಂಗಿಯ ಕಾಲರು ಸರಿಮಾಡಿದರು. "ನನ್ನ ತಂಗಿ ಗಂಡ ಅವಳಿಗೆ ಸರ ಮಾಡಿಸಿಕೊಟ್ಟ. ನೀವು ಹಾವು ಕೊಟ್ರಿ. ಈಗ ಅದನ್ನೂ ವಾಪಸ್ ಕೇಳ್ತಿದೀರಾ?"

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. ಆಕೆ ಅವರ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಒಳಗೆ ಕಾಲಿಟ್ಟರು.

"ಎಲ್ಲಿ, ತೋರಿಸಿ. ನನ್ನ ಹೆಸರು ಅದಕ್ಕೆ ಇರೋವಾಗಲೇ ಒಂದ್ಸಲ ನೋಡ್ಬಿಡ್ತೀನಿ."

ಮೇಷ್ಟ್ರು ಕಪಾಟಿನಿಂದ ಆ ಹಾವಿದ್ದ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಆಕೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅರ್ಧ ತೆರೆದು ನೋಡಿದರು.

"ಇದ್ರಲ್ಲಿ ಮುಖ ಯಾವ್ದು ರೀ?"

ಮೇಷ್ಟ್ರು ಜಾಡಿಯನ್ನು ಬೆಳಕಿನ ಕಡೆಗೆ ನಿಧಾನವಾಗಿ ತಿರುಗಿಸಿದರು. ಆಕೆ ಇನ್ನೊಂದು ಕಣ್ಣನ್ನೂ ತೆರೆದರು.