ಅರ್ಧ ಸುಣ್ಣ ಬಳಿದ ಗೋಡೆ

ಸುಣ್ಣದ ಬಕೆಟ್ಟಿಗೆ ಕುಂಚ ಅದ್ದಿ ಅದ್ದಿ ಪೇಂಟರ್ ಹಿತ್ತಿಲ ಗೋಡೆಯ ಅರ್ಧ ಮುಗಿಸಿದ್ದ. ಒಳಗೆ ನಡುಮನೆಯಲ್ಲಿ ಗಡಿಯಾರ ರಿಪೇರಿಯವನ ಹೆಣ ಮಲಗಿತ್ತು.

"ಅತ್ತಿಗೆ, ಅಣ್ಣನ್ನ ಇನ್ನೂ ಎತ್ತಿಲ್ಲ, ಆಗ್ಲೇ ಸುಣ್ಣಾನಾ? ಜನ ಏನಂತಾರೆ?" ಎಂದು ಮೈದುನ ಪಿಸುಗುಟ್ಟಿದ.

"ಜನ ಬರ್ತಾರೆ ಅಂತಾನೇ ಬಳಿಸ್ತಿರೋದು. ಈ ಪಾಚಿ ನೋಡಿ ನೋಡಿ ನನ್ನ ಮುಖಕ್ಕೇ ಪಾಚಿ ಕಟ್ಟಿದೆ. ನಿಮ್ಮಣ್ಣ ಬಾಯಿ ಮುಚ್ಕೊಂಡಿದಾರೆ, ನೀನೂ ಮುಚ್ಕೊ."

ಪಕ್ಕದ ಮನೆಯ ಟೈಲರ್ ನಗು ನುಂಗಿ ಕೆಮ್ಮಿದ. "ಏನೋ ಹುಳ ಇದೆ ಅಂತಿದ್ರು ನಿಮ್ಮವ್ರು. ನಂಗೂ ತೋರ್ಸಿದ್ರು. ನಂಗೆ ಕಂಡಿದ್ದು ಗೋಡೆ."

"ಇದ್ರೆ ತಾನೇ ಕಾಣೋದು!" ಎಂದಳು ಹೆಂಡತಿ.

*

ಮದುವೆಯಾದ ಹೊಸದರಲ್ಲೇ ಅವನು ಅವಳನ್ನು ಆ ಗೋಡೆಯ ಮುಂದೆ ನಿಲ್ಲಿಸಿದ್ದ.

"ನೋಡೇ, ಪತಂಗ. ಅಕ್ಕಿಕಾಳಿನಷ್ಟಿದೆ. ಬೂದಿ ಬಣ್ಣದ ರೆಕ್ಕೆ, ಮೇಲೆ ಹಸಿರು ಗೀರು, ತುದೀಲಿ ಹಳದಿ ಚುಕ್ಕೆ. ಇದರ ಮರಿ ಈ ಪಾಚಿ ಬಿಟ್ಟು ಬೇರೇನೂ ತಿನ್ನಲ್ಲ. ಊರೆಲ್ಲಾ ಹುಡುಕ್ದೆ. ಹಳೇ ನೀರಿನ ಟ್ಯಾಂಕಿನ ಗೋಡೇಲಿತ್ತು, ಅದನ್ನೂ ಕೆಡವಿದ್ರು. ಈಗ ಇದಕ್ಕೆ ದೇಶ ಅಂತ ಇರೋದು ಇದೊಂದೇ ಗೋಡೆ."

ಅವಳಿಗೆ ಕಂಡದ್ದು ಬರೀ ಪಾಚಿ. ಗಂಡ ತನ್ನನ್ನು ಮಂಗ ಮಾಡುತ್ತಿದ್ದಾನೆ ಅಂದುಕೊಂಡಳು. ಆಮೇಲೆ ದಿನಾ ಅಂಗಡಿ ಮುಚ್ಚಿ ಬಂದವನು ಹೆಂಡತಿಯ ಮುಖ ನೋಡುವ ಮೊದಲು ಗೋಡೆ ನೋಡುತ್ತಿದ್ದ. ಕೈ ಹಿಂದೆ ಕಟ್ಟಿ, ಕತ್ತು ಒಂದು ಕಡೆ ವಾಲಿಸಿ ನಿಂತನೆಂದರೆ ಕಾಫಿ ಆರಿದರೂ ಅಲುಗಾಡುತ್ತಿರಲಿಲ್ಲ. ಹುಳ ಅನ್ನುವುದು ನೆಪ, ತನ್ನಿಂದ ತಪ್ಪಿಸಿಕೊಳ್ಳುವುದಕ್ಕೆ ಎಂದು ಅವಳು ತೀರ್ಮಾನಿಸಿದಳು. ಆ ಸಿಟ್ಟು ಅವಳೊಳಗೆ ಬೇರುಬಿಟ್ಟಿತು.

*

"ಅಮ್ಮಾ, ಇಲ್ಲೇನೋ ಕೂತಿದೆ. ಒರೆಸಿಬಿಡ್ಲಾ?" ಎಂದ ಪೇಂಟರ್.

ಮೊದಲು ಬಳಿದು ಒಣಗಿದ ಬಿಳುಪಿನ ಮೇಲೆ ಅಕ್ಕಿಕಾಳಿನಷ್ಟು ಬೂದಿ. ಅದರ ಮೇಲೆ ಹಸಿರು ಗೀರು. ಅವಳು ಹತ್ತಿರ ಬಗ್ಗಿದಳು. ತುದಿಯಲ್ಲಿ ಹಳದಿ ಚುಕ್ಕೆ.

"ಕುಂಚ ಕೆಳಗಿಡೋ!"

ಕೂಗಿಗೆ ಒಳಗಿದ್ದವರೆಲ್ಲ ಹೊರಬಂದರು.

"ಇನ್ನರ್ಧ ಬಾಕಿ ಇದೆಯಲ್ಲಮ್ಮಾ?"

"ಇರ್ಲಿ. ಮುಟ್ಟಿದ್ರೆ ಕೈ ಮುರಿತೀನಿ."

ಅವಳು ಮೆಲ್ಲಗೆ ಉಸಿರೂದಿದಳು. ಪತಂಗ ಎದ್ದು ಗೇಣುದ್ದ ಹಾರಿ ಪಾಚಿಯ ಮೇಲೆ ಕೂತಿತು. ಕೂತದ್ದೇ ಮಾಯ.

ಹೆಣ ಎತ್ತುವ ಹೊತ್ತಾಯಿತು. "ಅತ್ತಿಗೆ, ಬನ್ನಿ" ಎಂದು ಮೈದುನ ಎರಡು ಸಲ ಕರೆದ. ಅವಳು ಕೈ ಹಿಂದೆ ಕಟ್ಟಿ, ಕತ್ತು ಒಂದು ಕಡೆ ವಾಲಿಸಿ, ಏನೂ ಕಾಣದ ಪಾಚಿಯನ್ನೇ ನೋಡುತ್ತ ನಿಂತಿದ್ದಳು.