ಬರ್ಪೆ ಎಂದ ತಪ್ಪಿಗೆ

ಗಲ್ಫಿನಿಂದ ಊರಿಗೆ ಬರುವವರಿಗಿಂತ ಬರುತ್ತೇನೆ ಎನ್ನುವವರೇ ಹೆಚ್ಚು. ಅದನ್ನೊಂದು ಅಪರಾಧ ಎನ್ನಲಾಗದು. ನಮ್ಮ ಕಡೆ ಹೊರಡುವಾಗ ‘ಹೋಗುತ್ತೇನೆ’ ಎಂದರೆ ಅಪಶಕುನ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ಕೇಳಿಕೊಂಡು ಹೊರಟವಳೂ ‘ಬರ್ಪೆ’ ಎಂದೇ ಮೆಟ್ಟಿಲಿಳಿಯಬೇಕು. ತುಳುವಿನಲ್ಲಿ ಬರ್ಪೆ ಎಂದರೆ ಬರುತ್ತೇನೆ. ಹಾಗೆಂದು ಅವಳಿಗಾಗಿ ಯಾರೂ ಬಾಗಿಲು ತೆರೆದಿಟ್ಟು ಕಾಯುವುದಿಲ್ಲ. ಹಾಗೆ ಕಾಯುವವನು ಇಡೀ ಊರಿಗೆ ಒಬ್ಬನೇ ಇದ್ದ, ಉಮಾವತಿಯ ತಮ್ಮ ಕಾಂತಪ್ಪ.

ಕಾಂತಪ್ಪನಿಗೆ ನಲವತ್ತು ದಾಟಿತ್ತು, ಬುದ್ಧಿ ಮಾತ್ರ ಮಗುವಿನದಾಗಿಯೇ ಉಳಿದಿತ್ತು. ಚಿಕ್ಕಮ್ಮನ ಮನೆಯಲ್ಲಿ ಅವನಿಗೆ ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಬೀಡಿ ಕಟ್ಟಿ ಬೆನ್ನು ಬಗ್ಗಿದ ಆಕೆ ಅಷ್ಟು ದೊಡ್ಡ ಆಳನ್ನು ಎತ್ತಿ ಮೀಯಿಸುವುದಾದರೂ ಹೇಗೆ? ಸಾಲದ್ದಕ್ಕೆ ಅವನಿಗೆ ಸಕ್ಕರೆ ಕಾಯಿಲೆ. ಕಾಲಿನ ಒಂದು ಬೆರಳು ಆಗಲೇ ಹೋಗಿತ್ತು. ಗಾಯ ಸರಿಯಾಗಿ ತೊಳೆದು ಕಟ್ಟದಿದ್ದರೆ ಪಾದವೂ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಪಂಚಾಯತಿನವರು ಮನೆಮನೆಗೆ ಕಳಿಸುವ ಆರೈಕೆಯ ಹುಡುಗಿ ಪ್ರೀಮಾ ವಾರಕ್ಕೆರಡು ಸಲ ಬಂದು ಗಾಯ ಕಟ್ಟಿ, ಸ್ನಾನ ಮಾಡಿಸಿ ಹೋಗುತ್ತಿದ್ದಳು. ಕಾಲು ಉಳಿದದ್ದು ಅವಳಿಂದ.

ಉಮಾವತಿ ಕೆಲಸಕ್ಕಿದ್ದದ್ದು ಕುವೈತಿನ ರುಮೈಥಿಯಾದ ಒಂದು ಮನೆಯಲ್ಲಿ. ಅಲ್ಲಿಯ ಮುದುಕಿಯನ್ನು ಎಲ್ಲರಂತೆ ಅವಳೂ ‘ಮಾಮಾ’ ಎನ್ನುತ್ತಿದ್ದಳು. ತಮ್ಮನ ತಲೆಗೆ ಎಣ್ಣೆ ತಟ್ಟಬೇಕಾದ ಕೈ ಇಲ್ಲಿ ಮಾಮಾನ ಬೆನ್ನು ತಿಕ್ಕುತ್ತಿತ್ತು. ಊರಿಗೆ ಹೋಗುವ ಆಸೆ ಇರಲಿಲ್ಲವೇ? ಇತ್ತು, ಹೊಟ್ಟೆ ಹಸಿದಷ್ಟೇ ದಿಟವಾಗಿ ಇತ್ತು. ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ತಮ್ಮನ ಹೆಸರನ್ನು ಸುಮ್ಮನೆ ಕರೆದು ನೋಡುತ್ತಿದ್ದಳು. ಆದರೆ ಇವಳು ಹೋಗಿ ಕೂತರೆ ಅವನ ಇನ್ಸುಲಿನ್ ಯಾರು ತರಬೇಕು? ವೀಸಾ ಕೊಟ್ಟ ಯಜಮಾನ, ಅಲ್ಲಿಯವರ ಮಾತಿನಲ್ಲಿ ಕಫೀಲ್, ಅವಳು ಅಲ್ಲಿರಲು ಬೇಕಾದ ಪರವಾನಗಿ ಇಕಾಮಾವನ್ನು ಮೊನ್ನೆಯಷ್ಟೇ ಮುಂದುವರಿಸಿದ್ದ. ಅವಳೂ ಇರುತ್ತೇನೆ ಎಂದು ತಲೆಯಾಡಿಸಿದ್ದಳು. ಆದರೂ ದಿನಾ ಸಂಜೆ ಫೋನ್ ಇಡುವಾಗ ಬಾಯಿಗೆ ಬರುವುದು ಆ ಒಂದೇ ಮಾತು, ‘ಬರ್ಪೆ ಕಾಂತಾ.’ ಅವನು ಹೋಗಿ ಗೇಟಿನಲ್ಲಿ ನಿಲ್ಲುತ್ತಿದ್ದ.

ಒಂದು ದಿನ ಪ್ರೀಮಾಳ ಫೋನ್ ಬಂತು.

“ಉಮಕ್ಕಾ, ಕಾಂತಣ್ಣನ ಹೆಸರು ತೆಗ್ದಿದ್ದಾರೆ ಮಾರಾಯ್ರೆ. ನಾಡಿದ್ದಿನಿಂದ ನಾನು ಅಲ್ಲಿಗೆ ಹೋಗ್ಲಿಕ್ಕಿಲ್ಲ.”

“ಎಂತಕ್ಕೆ?”

“ಪಂಚಾಯತಿನ ಆರೋಗ್ಯ ಸಮಿತಿಯವರು ಈ ಸಲ ಮನೆಮನೆಗೆ ಬಂದು ವಿಚಾರಿಸಿದ್ರು, ಸೇವೆ ಯಾರಿಗೆ ಬೇಕು, ಯಾರಿಗೆ ಬೇಡ ಅಂತ. ಚಿಕ್ಕಮ್ಮ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗಿದ್ರು. ನಿನ್ನನ್ನು ನೋಡಿಕೊಳ್ಳುದು ಯಾರು ಅಂತ ಇವನತ್ರ ಕೇಳಿದ್ದಕ್ಕೆ, ಅಕ್ಕ ಬರ್ತಾಳೆ ಅಂದ. ಯಾವಾಗ ಹೇಳಿದ್ದು ಅಂದ್ರೆ, ನಿನ್ನೆಯೂ ಹೇಳಿದ್ಳು ಅಂದ. ಅವರು ನಂಬದೆ ಎಂತ ಮಾಡುದು?”

ಉಮಾವತಿಗೆ ಮೊದಲು ನಗು ಬಂತು. ಆಮೇಲೆ ಬಂದದ್ದು ನಗುವಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಇಲ್ಲಿ ತಮ್ಮನ ಕಾಲೇ ಹೋಗುವುದರಲ್ಲಿತ್ತು.

ಶುಕ್ರವಾರ ಗ್ರಾಮಸಭೆ. ವೀಡಿಯೋದಲ್ಲಿ ಅಕ್ಕನೇ ಬಂದು ಹೇಳಿದರೆ ಸಮಿತಿ ಮತ್ತೆ ಯೋಚಿಸುತ್ತದಂತೆ. “ಅವನನ್ನು ಮಾತ್ರ ಕರ್ಕೊಂಡು ಬರ್ಬೇಡ” ಎಂದಳು ಉಮಾವತಿ. ಆದರೆ ಗಾಯವನ್ನು ಕಣ್ಣಾರೆ ನೋಡಬೇಕೆಂದು ಸಮಿತಿಯವರು ಪಟ್ಟು ಹಿಡಿದಿದ್ದರು. ಮಾಮಾ ಮಲಗಿದ್ದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಫೋನ್ ತೆರೆದರೆ, ಮುಂದಿನ ಸಾಲಿನಲ್ಲೇ ಕಾಂತಪ್ಪ. ಇಸ್ತ್ರಿ ಹಾಕಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ, ಮುಖದ ತುಂಬ ನಗು.

ಸಮಿತಿಯ ಅಧ್ಯಕ್ಷ ಹಸೈನಾರ್, ಕುವೈತಿನದೇ ರಾಯ್ ಎಂಬಲ್ಲಿಯ ಗ್ಯಾರೇಜುಗಳಲ್ಲಿ ಅರ್ಧ ಆಯುಷ್ಯ ಸವೆಸಿ ಊರು ಸೇರಿದವನು. “ಒಂದೇ ಪ್ರಶ್ನೆ ಉಮಾವತಿ. ನೀವು ಬಂದು ತಮ್ಮನನ್ನು ನೋಡಿಕೊಳ್ತೀರಾ, ಇಲ್ವಾ?”

“ಸದ್ಯಕ್ಕೆ ಸ್ವಲ್ಪ ಕಷ್ಟ ಉಂಟು…”

ಪಕ್ಕದಲ್ಲಿದ್ದ ಸದಸ್ಯೆ ಆಗ್ನೆಸ್‌ಬಾಯಿಗೆ ಅಷ್ಟು ಸಾಕಾಗಲಿಲ್ಲ. “ಸದ್ಯಕ್ಕೆ ಅಂದ್ರೆ ಎಂತ? ಹುಡುಗಿ ಇರುದು ಒಬ್ಳು. ನೋಡುವವರು ಬರ್ತಾರೆ ಅನ್ನುವ ಮನೆಗೆ ಅವಳನ್ನು ಕಳಿಸಿದ್ರೆ, ಯಾರೂ ಇಲ್ಲದವರಿಗೆ ಎಲ್ಲಿಂದ ತರುದು? ಬಾಯಿ ಬಿಟ್ಟು ಹೇಳಿ.”

ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟವಾದದ್ದು, ತಪ್ಪಿದ್ದಿದ್ದರೆ ಜಗಳ ಮಾಡಬಹುದಿತ್ತು. ಉಮಾವತಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು.

“ಅವನನ್ನು ಸ್ವಲ್ಪ ಹೊರಗೆ ಕಳಿಸ್ತೀರಾ?”

“ನಾನು ಹೋಗುದಿಲ್ಲ. ಅಕ್ಕ ಇಲ್ಲೇ ಇದ್ದಾಳಲ್ಲ” ಎಂದು ಕಾಂತಪ್ಪ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡ.

ಅವಳು ಕಣ್ಣು ತಗ್ಗಿಸಿ, “ನಾನು ಬರುದಿಲ್ಲ, ಬರೆದುಕೊಳ್ಳಿ” ಎಂದಳು.

ಕಾಂತಪ್ಪ ಚಪ್ಪಾಳೆ ತಟ್ಟಿ ನಕ್ಕ. “ಅಕ್ಕ ಲೊಟ್ಟೆ ಹೇಳ್ತಾಳೆ! ನನ್ನತ್ರ ಬರ್ಪೆ ಅಂದಿದ್ದಾಳೆ!” ಸಭೆಯೂ ನಕ್ಕಿತು. ಆಗ್ನೆಸ್‌ಬಾಯಿ ಪೆನ್ನು ಕೆಳಗಿಟ್ಟರು. “ಈಗ ಯಾರ ಮಾತು ನಂಬುದು?”

ನಗದೆ ಇದ್ದವನು ಹಸೈನಾರ್ ಒಬ್ಬನೇ. ಪರದೇಶದಿಂದ ಆ ಮಾತನ್ನು ಅವನೂ ಎಷ್ಟು ಸಲ ಹೇಳಿದ್ದನೋ. “ನಮಗೆ ಹೇಳುದು ಬೇಡ ಉಮಾವತಿ” ಎಂದ ಮೆಲ್ಲಗೆ. “ಅವನಿಗೇ ಹೇಳಿ.”

ಉಮಾವತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕಾಂತಾ, ಇಲ್ಲಿ ನೋಡು. ಯಾನ್ ಬರ್ಪುಜಿ. ನಾನು ಬರುದಿಲ್ಲ. ಅದು ಫೋನ್ ಇಡುವಾಗ ಹೇಳುವ ಮಾತು ಅಷ್ಟೆ, ಎಲ್ಲರೂ ಹೇಳ್ತಾರೆ. ನೀನು ಗೇಟಿನಲ್ಲಿ ನಿಲ್ಬೇಡ.”

“ನಾಳೆ?”

“ನಾಳೆಯೂ ಇಲ್ಲ.”

“ನಾಡಿದ್ದು?”

“ಇಲ್ಲ ಕಾಂತಾ.”

ಅವನು ಮುಂದಿನ ದಿನದ ಹೆಸರು ಹುಡುಕುತ್ತಿದ್ದ. ತುಟಿ ಅಲುಗುತ್ತಿತ್ತು, ಹೆಸರು ಸಿಗಲಿಲ್ಲ. ನಗು ಎಲ್ಲಿತ್ತೋ ಅಲ್ಲಿಂದ ಇಳಿದು ಹೋಯಿತು. ಆಗ್ನೆಸ್‌ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, “ಸಾಕು ಮಾರಾಯ್ರೆ, ಪ್ರೀಮಾ ಹೋಗ್ತಾ ಇರ್ಲಿ” ಎಂದರು. ಬೇಡ ಎಂದವರು ಯಾರೂ ಇರಲಿಲ್ಲ. ಒಳಗಿನಿಂದ ಮಾಮಾ “ಯಲ್ಲಾ ಉಮಾ” ಎಂದು ಕರೆದಾಗ ಫೋನ್ ಇಡಲೇಬೇಕಾಯಿತು.

ಆ ವಾರವೆಲ್ಲ ಕಾಂತಪ್ಪ ಫೋನಿಗೆ ಬರಲಿಲ್ಲ. ಮುನಿಸಿಕೊಂಡಿದ್ದಾನೆ, ಸರಿಹೋಗುತ್ತಾನೆ ಎಂದು ಚಿಕ್ಕಮ್ಮ ಸಮಾಧಾನ ಹೇಳಿದಳು. ಮುನಿಸಾದರೂ ಇರಲಿ, ಮುನಿಸಿನಲ್ಲಿ ತನಗೊಂದು ಜಾಗ ಇರುತ್ತದಲ್ಲ ಎಂದುಕೊಂಡಳು ಉಮಾವತಿ. ಆಮೇಲೆ ಪ್ರೀಮಾ ಫೋನ್ ಮಾಡಿದಳು, ದನಿಯಲ್ಲಿ ಹಬ್ಬದ ಸಡಗರ.

“ಉಮಕ್ಕಾ, ಗಾಯ ಒಣಗ್ತಾ ಉಂಟು! ಮತ್ತೊಂದು ಗೊತ್ತುಂಟಾ? ಇಷ್ಟು ವರ್ಷ ಇವನು ನನಗೆ ಕೈಯ ಉಗುರು ತೆಗೀಲಿಕ್ಕೆ ಬಿಟ್ಟದ್ದೇ ಇಲ್ಲ. ಬೆನ್ನ ಹಿಂದೆ ಅಡಗಿಸಿ, ಅದು ಅಕ್ಕನ ಕೆಲಸ ಅಂತಿದ್ದ. ಮಲಗಿದಾಗ ಕದ್ದು ತೆಗೀಬೇಕಿತ್ತು. ಇವತ್ತು ತಾನಾಗಿ ಎರಡೂ ಕೈ ನನ್ನ ಮಡಿಲಲ್ಲಿ ಇಟ್ಟ. ನೀನೇ ತೆಗಿ ಅಂದ!”

“ಒಳ್ಳೆದಾಯ್ತು ಪ್ರೀಮಾ” ಎಂದಳು. ಒಳ್ಳೆಯದೇ ಆಗಿತ್ತು. ಸಭೆಯಲ್ಲಿ ಬರುವುದಿಲ್ಲ ಎಂದು ಹೇಳಿ ಪಡೆದದ್ದು ಇದನ್ನೇ. ಆದರೂ ಆ ಕೈ ಇನ್ನೂ ಬೆನ್ನ ಹಿಂದೆಯೇ ಇದ್ದಿದ್ದರೆ ಎಂದು ಅವಳ ಜೀವ ಹಂಬಲಿಸಿತು. ನಾಚಿಕೆಯಾದರೂ ಹಂಬಲ ನಿಲ್ಲಲಿಲ್ಲ. ತನ್ನದೆಂದು ಇನ್ನೇನಾದರೂ ಒಂದು ಹೇಳಬೇಕೆನಿಸಿತು.

“ಎಡಗೈ ಕಿರುಬೆರಳಿನ ಉಗುರು ಒಳಗೆ ಬೆಳೀತದೆ. ಅದನ್ನು ಸ್ವಲ್ಪ ಜಾಗ್ರತೆ, ಅವನಿಗೆ ನೋವಾಗ್ತದೆ.”

“ಗೊತ್ತುಂಟು ಉಮಕ್ಕಾ” ಎಂದಳು ಪ್ರೀಮಾ. “ಅವನೇ ಹೇಳಿದ.”